ಬಳುವಳಿಗೆ ಕೊಟ್ಟ ಮರಿ

ಇಸವಿ ೨೧೮೭, ಹದಿಮೂರನೇ ತಿಂಗಳು, ನಲವತ್ತನೇ ದಿನ
ತಂಪುಗುಂಡಿ, ಸಂಡೂರು ಬೆಟ್ಟ

ನನ್ನ ಮಗಳು ಮಾರೆಕ್ಕನ ಮೊಮ್ಮಕ್ಕಳಿಗೆ, ಅವರ ಮೊಮ್ಮಕ್ಕಳಿಗೆ, ಹೊನ್ನೂರಮ್ಮ ಬರೆಯುವುದು.

ತಾರೀಖು ನೋಡಿ ಮುದುಕಿಗೆ ಲೆಕ್ಕ ಬಾರದು ಅಂದುಕೊಳ್ಳಬೇಡಿ. ಬಿಸಿಲು ಇಳಿಯದ ವರ್ಷ ನಮ್ಮ ಹಿರಿಯರು ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರೆ. ಅದಕ್ಕೆ ಬೆವರುತಿಂಗಳು ಅನ್ನುತ್ತೇವೆ, ಅದು ಎಷ್ಟು ದಿನ ಅನ್ನುವುದು ಬಿಸಿಲಿಗೇ ಗೊತ್ತು. ನಿಮ್ಮ ಕಾಲಕ್ಕೆ ಈ ಮಾತುಗಳು ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನಾನು ಓದಿದ್ದು ಮೂರನೇ ಇಯತ್ತೆ, ಅದೂ ಪೂರ್ತಿಯಾಗಲಿಲ್ಲ. ತಿಳಿಯದ ಕಡೆ ಎರಡು ಸಲ ಓದಿ, ಅರ್ಧಕ್ಕೆ ಮಾತ್ರ ಬಿಡಬೇಡಿ.

ತಂಪುಗುಂಡಿ ಅಂದರೆ ಹಿಂದಿನವರು ಕಬ್ಬಿಣದ ಅದಿರು ತೆಗೆದು ಬಿಟ್ಟುಹೋದ ಗಣಿ. ಮೇಲಿನ ಸೆಕೆಯಲ್ಲಿ ಬದುಕಲಾಗದೆ ಅದರ ಗೋಡೆ ಕೊರೆದು ಮನೆ ಮಾಡಿಕೊಂಡೆವು. ಇಲ್ಲಿ ಮಣ್ಣಿಲ್ಲ, ಕೆಂಪು ಕಲ್ಲು ಮಾತ್ರ. ಹಂದಿ ನಮ್ಮ ಸಿಪ್ಪೆ ಸೆದೆ ತಿಂದು ಹಾಕಿದ ಗೊಬ್ಬರವೇ ಮಣ್ಣು, ಅದರಲ್ಲೇ ಸೊಪ್ಪು, ಸಜ್ಜೆ, ಅದರ ಗ್ಯಾಸಿನಿಂದಲೇ ಒಲೆ. ಅದಕ್ಕೇ ಮದುವೆಯಾದ ಹೆಣ್ಣುಮಗಳಿಗೆ ಒಂದು ಹೆಣ್ಣು ಮರಿ ಬಳುವಳಿ ಕೊಡುತ್ತೇವೆ. ಸೂಲು ಕೆಟ್ಟು ಒಂದೇ ಮರಿ ಉಳಿದರೆ ಅದಕ್ಕೆ ಗಟ್ಟಿಜೀವ ಅಂತ ಹೆಸರು. ಸಾವನ್ನು ತುಳಿದು ಬಂದದ್ದು, ಹೋದ ಮನೆಯನ್ನು ಬೆಳೆಸುತ್ತದೆ ಅನ್ನುತ್ತಾರೆ. ನಾನೂ ಅನ್ನುತ್ತಿದ್ದೆ.

ಬೂದಿ ಅನ್ನುವ ನನ್ನ ಹೆಣ್ಣು ಹಂದಿಯನ್ನು ಗುಂಡಿಯ ಮೇಲಂಚಿನ ದೊಡ್ಡಿಯಲ್ಲಿ ಒಂಟಿಯಾಗಿ ಬಿಟ್ಟಿದ್ದೆ. ಕಾಡುಹಂದಿಗಳು ಬಂದು ಮೂಸಿ ಹೋಗುತ್ತಿದ್ದವು. ಗಬ್ಬವಾದ ಎರಡನೇ ತಿಂಗಳಲ್ಲಿ ಅದು ನಾಲ್ಕು ದಿನ ಮೇವು ಬಿಟ್ಟಿತು, ಕಿವಿ ಮುಟ್ಟಿದರೆ ಸುಡುತ್ತಿತ್ತು. ಆಮೇಲೆ ಎದ್ದು ತಿಂದಿತು. ನಾನು ಕೈಮುಗಿದು ಸುಮ್ಮನಾದೆ. ಮೂರು ತಿಂಗಳು ಮೂರು ವಾರ ಮೂರು ದಿನಕ್ಕೆ ಸರಿಯಾಗಿ ಹನ್ನೊಂದು ಮರಿ ಹಾಕಿತು. ಮೊದಲು ಬಂದವು ಒಣಗಿದ ಹುಣಸೆಹಣ್ಣಿನ ಹಾಗೆ ಕಪ್ಪಗೆ ಮುದುಡಿದ್ದವು. ನಾಲ್ಕಕ್ಕೆ ಜೀವವಿತ್ತು, ಆದರೆ ತಲೆಯಿಂದ ಬಾಲದ ತನಕ ನಡುಕ. ಮೊಲೆಯನ್ನು ನಾನೇ ಬಾಯಿಗಿಟ್ಟರೂ ಜಾರಿಹೋಗುತ್ತಿತ್ತು. ಮೂರು ದಿನಕ್ಕೆ ಅವೂ ಇಲ್ಲ. ಕೊನೆಯದೊಂದು ಹೆಣ್ಣು, ನುಣ್ಣಗಿತ್ತು, ನಡುಕವಿರಲಿಲ್ಲ. ಅದು ಹಾಲು ಬಿಡುವ ಹೊತ್ತಿಗೆ ಬೂದಿ ಸೂಲಿನ ನಂಜಿನಿಂದ ಸತ್ತಿತ್ತು.

ಅಷ್ಟರಲ್ಲಿ ಮಾರೆಕ್ಕನ ಮದುವೆ ಬಂತು. ಆ ಮರಿಯನ್ನು ಬಳುವಳಿ ಕೊಡಲು ನನಗೆ ಹೆದರಿಕೆಯಾಯಿತು. ನನಗೆ ಎಲ್ಲದಕ್ಕೂ ಹೆದರಿಕೆಯೇ, ಅದಕ್ಕೇ ನನ್ನ ಮಾತಿಗೆ ಯಾರೂ ಬೆಲೆ ಕೊಡುವುದಿಲ್ಲ. ಬೇರೆ ಮರಿ ಹುಡುಕಿ ಕೊಡುತ್ತೇನೆ ಎಂದರೆ, ಗಟ್ಟಿಜೀವವನ್ನು ತಾನೇ ಇಟ್ಟುಕೊಳ್ಳುತ್ತಾಳೆ ಎಂದು ಬೀಗರು ನನ್ನ ಜಿಪುಣತನ ಆಡಿಕೊಂಡು ನಕ್ಕರು. ನಾಚಿಕೆಗೆ ಬಿದ್ದು ಅರಿಸಿನ ಹಚ್ಚಿ ಅದನ್ನೇ ಕೊಟ್ಟೆ.

ಮಾರೆಕ್ಕನ ಮನೆಯ ಹಂದಿಗಳು ಮೊದಲು ಮಲಗಿದವು. ಕಿವಿ ನೇರಳೆ ಬಣ್ಣಕ್ಕೆ ತಿರುಗಿತು, ಹಿಂಗಾಲು ಎಳೆಯತೊಡಗಿದವು. ಮೂರು ತಿಂಗಳಲ್ಲಿ ಗುಂಡಿಯ ಮುನ್ನೂರು ಹಂದಿಯೂ ಹೋದವು, ಆ ಒಂದನ್ನು ಬಿಟ್ಟು. ಈ ದಾರಿಯಲ್ಲಿ ಹಾದುಹೋಗುತ್ತಿದ್ದ ಪಶುವೈದ್ಯೆ ತಾರಾಬಾಯಿ ನನ್ನಿಂದ ಎಲ್ಲಾ ಕೇಳಿಕೊಂಡಳು. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ವೈರಸ್ಸು ಸೇರಿದರೆ ಮರಿಯ ಮೈ ಅದನ್ನು ತನ್ನದೇ ಅಂದುಕೊಳ್ಳುತ್ತದಂತೆ, ಅದರ ಜೊತೆ ಹೊಡೆದಾಡುವುದಿಲ್ಲವಂತೆ. ಕಾಯಿಲೆ ಕಾಣುವುದಿಲ್ಲ, ಆದರೆ ಜೊಲ್ಲಿನಲ್ಲಿ, ಉಚ್ಚೆಯಲ್ಲಿ ಸಾಯುವ ತನಕ ಹಂಚುತ್ತಲೇ ಇರುತ್ತದಂತೆ. ರಕ್ತ ನೋಡದೆ ಹೌದು ಅನ್ನಲಾರೆ, ನೋಡುವ ಯಂತ್ರ ಈ ಸೀಮೆಯಲ್ಲಿಲ್ಲ ಎಂದು ಹೇಳಿ ಹೋದಳು.

ಆದರೆ ನಮ್ಮ ಹಿರಿಯ ಓಬಳಪ್ಪ ಆ ಉಳಿದ ಹಂದಿಯನ್ನು ಪಕ್ಕದ ಗಣಿಯೂರು ಮೂಡಲಗುಂಡಿಗೆ ಹೊಡೆದುಕೊಂಡು ಹೋಗಿ ಗಂಡುಹಂದಿಗೆ ಬಿಡೋಣ ಎಂದ. ಅಲ್ಲಿ ನಾನೂರು ಹಂದಿಗಳಿದ್ದವು. ವೈದ್ಯೆಯ ಮಾತು ಹೇಳಿದೆ.

“ಮುನ್ನೂರು ಹೋದವು, ಇದಕ್ಕ ಒಂದು ಕೆಮ್ಮು ಸೈತ ಬಂದಿಲ್ಲ. ಇಂಥಾ ಬೀಜ ಎಲ್ಲಿ ಸಿಗತೈತಿ? ನೀನು ಬಿಡಬೇ, ಹಾಲು ಒಲಿ ಮ್ಯಾಲೆ ಇಡೂಕಿಂತ ಮೊದಲ ಉಕ್ಕತೈತಿ ಅಂತ ಅಳಾಕಿ,” ಎಂದ. ಎಲ್ಲರೂ ನಕ್ಕರು.

ಮಾರೆಕ್ಕ ನಗಲಿಲ್ಲ. “ಯವ್ವಾ, ನನಗ ಅದೊಂದ ಉಳದೈತಿ. ನೀನ ಕೊಟ್ಟಿದ್ದು,” ಎಂದಳು.

ಮರುದಿನ ನಡುಮಧ್ಯಾಹ್ನ, ಜನ ಬಿಸಿಲಿಗೆ ಒಳಗೆ ಸೇರಿದ್ದಾಗ, ಅವಳ ದೊಡ್ಡಿಗೆ ಹೋದೆ. ಅದು ಓಡಿಬಂದು ನನ್ನ ಅಂಗೈ ಮೂಸಿತು. ಕೊಂದೆ. ಹೊಟ್ಟೆ ಕೊಯ್ದು ಪಿತ್ತಜನಕಾಂಗ, ಮೂತ್ರಪಿಂಡ ಎಲ್ಲಾ ತಿರುವಿ ನೋಡಿದೆ. ತೊಳೆದಿಟ್ಟ ಹಾಗಿದ್ದವು. ಏನೂ ಕಾಣಲಿಲ್ಲ. ಸುಣ್ಣ ಹಾಕಿ ಆಳಕ್ಕೆ ಹೂತೆ.

ಮಾರೆಕ್ಕ ನನ್ನ ಜೊತೆ ಮಾತು ಬಿಟ್ಟು ವರ್ಷವಾಯಿತು. ಮಣ್ಣು ತೆಳುವಾಗುತ್ತಿದೆ, ಸೊಪ್ಪು ಮೊಳಕೆಯಲ್ಲೇ ಹಳದಿ. ಮೂಡಲಗುಂಡಿಯವರು ರೋಗದ ಊರಿಗೆ ಮರಿ ಕೊಡುವುದಿಲ್ಲ. ಅವರ ಹಂದಿಗಳು ಬದುಕಿವೆ, ನಾನು ಕೊಂದದ್ದರಿಂದಲೋ ಸುಮ್ಮನೆಯೋ, ನನಗೆ ತಿಳಿಯದು.

ನೀವು ಮತ್ತೆ ಹಂದಿ ಕಟ್ಟಿದರೆ, ಗಬ್ಬದ ಹಂದಿ ಜ್ವರದಲ್ಲಿ ಒಂದು ದಿನ ಮೇವು ಬಿಟ್ಟಿದ್ದರೂ ಆ ಸೂಲಿನ ಮರಿಯನ್ನು ಯಾರಿಗೂ ಕೊಡಬೇಡಿ, ಎಷ್ಟೇ ನುಣ್ಣಗಿರಲಿ. ಈ ಕಾಗದದ ಜೊತೆ ಒಂದು ಸೀಸೆಯಿದೆ, ಅದರೊಳಗೆ ಆ ಮರಿಯ ರಕ್ತ ಒಣಗಿದ ಬಟ್ಟೆ. ಹಂದಿಯಿರುವ ಕಡೆ ಮುಚ್ಚಳ ತೆಗೆಯಬೇಡಿ. ನಿಮ್ಮ ಕಾಲಕ್ಕಾದರೂ ಯಂತ್ರ ಬಂದಿದ್ದರೆ ಪರೀಕ್ಷಿಸಿ, ಆಮೇಲೆ ಸುಟ್ಟುಬಿಡಿ. ರೋಗ ಸಿಕ್ಕಿದರೆ ಮಾರೆಕ್ಕನ ಗೋರಿಯ ಹತ್ತಿರ ಹೋಗಿ ಒಂದು ಮಾತು ಹೇಳಿ. ಸಿಗದಿದ್ದರೆ ಅವಳಿಗೆ ಹೇಳಬೇಡಿ, ನನ್ನ ಗೋರಿಗೆ ಬನ್ನಿ.