ಪರೀಕ್ಷೆ ಮಾಡುವವರೆಗೂ ಚೆನ್ನಾಗಿದ್ದ ಟ್ರಾನ್ಸ್‌ಫಾರ್ಮರ್

ವಿದ್ಯುತ್ ಸರಬರಾಜು ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಹೆರಿಗೆ ಆಸ್ಪತ್ರೆಯ ಹಿಂದೆ ನೀವು ತಂದು ನಿಲ್ಲಿಸಿರುವ ಟ್ರಾನ್ಸ್‌ಫಾರ್ಮರ್ ಒಳಗೆ ಕೆಟ್ಟಿದೆ. ಬರುವ ಸೋಮವಾರ ಅದಕ್ಕೆ ಲೈನ್ ಕೊಡುತ್ತೀರಂತೆ. ಕೊಡಬೇಡಿ ಎಂದು ಹೇಳುವುದಕ್ಕೆ ಈ ಪತ್ರ. ಪತ್ರಿಕೆಗೆ ಯಾಕೆ, ಕಚೇರಿಗೇ ಬರೆಯಬಹುದಿತ್ತಲ್ಲ ಎನ್ನಬೇಡಿ. ಬರೆದಿದ್ದೇನೆ. ಅರ್ಜಿ ಪರಿಶೀಲನೆಯಲ್ಲಿದೆಯಂತೆ. ನಿಮ್ಮಲ್ಲಿ ಪರಿಶೀಲನೆ ಎಂದರೆ ಏನು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಈಗ ಚೆನ್ನಾಗಿಯೇ ಗೊತ್ತು.

ನಾನು ಆ ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್. ನಿಮ್ಮ ರಿಪೇರಿ ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರ್‌ಗಳನ್ನು ಪರೀಕ್ಷೆ ಮಾಡುತ್ತಿದ್ದ, ಕಳೆದ ವಾರ ನೀವು ಅಮಾನತು ಮಾಡಿದ ಎಂಜಿನಿಯರ್ ನನ್ನ ತಮ್ಮ. ಅಕ್ಕ ತಮ್ಮನ ಪರ ವಕಾಲತ್ತು ವಹಿಸಿದ್ದಾಳೆ ಎಂದು ಮೂಗು ಮುರಿಯುವ ಮೊದಲು ಒಂದು ಮಾತು ಕೇಳಿ: ಅವನೇನೂ ಸಾಧು ಪ್ರಾಣಿಯಲ್ಲ. ಊಟಕ್ಕೆ ಕೂತರೂ ವಾದ, ಬಸ್ಸು ಹತ್ತಿದರೂ ವಾದ. ಫ್ಯಾನಿನ ರೆಗ್ಯುಲೇಟರ್ ವಿಷಯಕ್ಕೆ ನನ್ನ ಗಂಡನ ಜೊತೆ ಜಗಳವಾಡಿ, ಭಾವ-ಮೈದುನರಿಬ್ಬರೂ ಇಂದಿಗೂ ಮುಖ ಕೊಟ್ಟು ಮಾತಾಡುವುದಿಲ್ಲ. ಜಗಳಗಂಟ ಎಂಬ ಕಾರಣಕ್ಕೆ ಅಮಾನತು ಮಾಡಿದ್ದರೆ ನಾನೇ ಬಂದು ಸಾಕ್ಷಿ ಹೇಳುತ್ತಿದ್ದೆ.

ಆದರೆ ನೀವು ಅವನನ್ನು ಮನೆಗೆ ಕಳಿಸಿದ್ದು ಅವನು ಕೆಲಸ ಮಾಡಿದ್ದಕ್ಕೆ. ರಿಪೇರಿಯಾಗಿ ಬಂದ ಟ್ರಾನ್ಸ್‌ಫಾರ್ಮರ್‌ನೊಳಗಿನ ತಂತಿಸುರುಳಿಗೆ ನಿಮ್ಮ ಪರೀಕ್ಷಾ ಕೋಣೆಯಲ್ಲಿ ಒಂದು ಕೃತಕ ಸಿಡಿಲು ಹೊಡೆಸುತ್ತಾರೆ. ಮೊದಲು ಅರ್ಧ ಬಲದ ಏಟು, ಆಮೇಲೆ ಪೂರ್ತಿ ಬಲದ್ದು. ಪ್ರತಿ ಏಟಿಗೂ ಪರದೆಯ ಮೇಲೆ ಒಂದು ಗೆರೆ ಮೂಡುತ್ತದೆ. ಸುರುಳಿ ಗಟ್ಟಿಯಾಗಿದ್ದರೆ ಎರಡು ಗೆರೆಗಳೂ ಒಂದೇ ಮುಖದ ಚಿಕ್ಕ ಫೋಟೊ, ದೊಡ್ಡ ಫೋಟೊ ಇದ್ದಹಾಗೆ ಇರಬೇಕು. ದೊಡ್ಡದರಲ್ಲಿ ಮಾತ್ರ ಮೂಗು ಸೊಟ್ಟಗಿದ್ದರೆ ಒಳಗೆಲ್ಲೋ ತಂತಿಯ ಹೊದಿಕೆ ಹರಿದಿದೆ ಎಂದು ಅರ್ಥ. ಗೆರೆ ಯಾವ ಕ್ಷಣದಲ್ಲಿ ಸೊಟ್ಟಗಾಯಿತು ಎಂಬುದನ್ನು ನೋಡಿ, ಏಟು ಸುರುಳಿಯೊಳಗೆ ಎಷ್ಟು ದೂರ ಹೋಗಿ ಎಡವಿತು ಎಂದು ಲೆಕ್ಕ ಹಾಕಬಹುದಂತೆ. ನನ್ನ ತಮ್ಮ ಹಾಕಿದ. ಒಳಗಿರುವ ಮೂರು ಸುರುಳಿಗಳಲ್ಲಿ ಮಧ್ಯದ್ದು, ಮೇಲಿನ ತುದಿಗೆ ಹತ್ತಿರ ಎಂದು ಬರೆದ. ಬಿಚ್ಚಿ ನೋಡಿ ಎಂದೂ ಬರೆದ.

ನೀವು ಬಿಚ್ಚಿದ್ದು ಅವನ ಫೈಲನ್ನು. “ತಾವು ಪರೀಕ್ಷೆ ನಡೆಸುವವರೆಗೂ ಸದರಿ ಟ್ರಾನ್ಸ್‌ಫಾರ್ಮರ್‌ನಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ. ಆದ್ದರಿಂದ ದೋಷಕ್ಕೆ ತಾವೇ ಹೊಣೆಗಾರರು” ಎಂದು ನೋಟಿಸ್ ಬಂತು. ಎಂಥಾ ತರ್ಕ ಸ್ವಾಮೀ! ಇಷ್ಟು ವರ್ಷ ನಾನು ಮಕ್ಕಳ ಕಂಕುಳಿಗೆ ಥರ್ಮಾಮೀಟರ್ ಇಟ್ಟು ಇಟ್ಟು ಎಷ್ಟು ಮಕ್ಕಳಿಗೆ ಜ್ವರ ಬರಿಸಿದೆನೋ! ನಮ್ಮ ಡಾಕ್ಟರಮ್ಮ ಆ ಸ್ಟೆಥಾಸ್ಕೋಪನ್ನು ಬಾವಿಗೆ ಎಸೆದಿದ್ದರೆ ಈ ಊರಿನಲ್ಲಿ ಒಬ್ಬರಿಗಾದರೂ ಹೃದಯದ ಕಾಯಿಲೆ ಇರುತ್ತಿತ್ತೇ?

ತಮ್ಮನಿಗೆ ತಿಳಿಯದಂತೆ ನಿಮ್ಮ ಕಚೇರಿಗೆ ಹೋದೆ. ನೀವು ಮೀಟಿಂಗಿನಲ್ಲಿದ್ದಿರಿ. ನಿಮ್ಮ ಸಹಾಯಕರು ಕುರ್ಚಿ ಕೊಟ್ಟು, ಬಹಳ ವಿಶ್ವಾಸದಿಂದಲೇ ಮಾತಾಡಿದರು.

“ನೋಡೀಮ್ಮಾ, ನಿಮ್ಮ ತಮ್ಮ ಪೂರ್ತಿ ಏಟು ಕೊಟ್ಟಿದ್ದೇ ತಪ್ಪು. ನಾವು ಇನ್ನೊಂದು ಸಲ ಅರ್ಧ ಏಟು ಕೊಟ್ಟು ನೋಡಿದ್ವಿ. ಪಾಸಾಯ್ತು. ಸೀಲ್ ಹಾಕಿ ಕಳಿಸಿದ್ವಿ.”

“ಅರ್ಧಕ್ಕೇ ಯಾಕೆ ನಿಲ್ಲಿಸಿದ್ರಿ?”

“ಪೂರ್ತಿ ಕೊಟ್ರೆ ಫೇಲಾಗುತ್ತಲ್ಲಮ್ಮಾ!”

“ನಾಳೆ ನಿಜವಾದ ಸಿಡಿಲು ಬಡಿದ್ರೆ?”

“ಸಿಡಿಲು ನಮ್ಮ ಇಲಾಖೆಗೆ ಬರಲ್ಲ.”

“ಹಾಗಾದ್ರೆ ಒಂದ್ಸಲ ಬಿಚ್ಚಿಯಾದ್ರೂ ನೋಡಬಾರ್ದಾ?”

“ಪಾಸಾಗಿರೋದನ್ನ ಬಿಚ್ಚೋಕೆ ರೂಲ್ಸ್ ಇಲ್ಲಮ್ಮಾ. ಟೀ ತರಿಸ್ಲಾ?”

ಟೀ ಕುಡಿಯದೆ ಎದ್ದು ಬಂದೆ. ಮನೆಗೆ ಬಂದು ತಮ್ಮನನ್ನೇ ಕೇಳಿದೆ, ಸಿಡಿಲು ಬಡಿಯದೇ ಇದ್ದರೆ ನಡೆದುಕೊಂಡು ಹೋಗುತ್ತಾ ಅಂತ. “ಒಂದು ದಿನ ನಡೀಬಹುದು, ಒಂದು ವರ್ಷಾನೂ ನಡೀಬಹುದು. ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ ಅಕ್ಕಾ, ಎಲ್ಲಿ ಹೋಗುತ್ತೆ ಅಂತ ಮಾತ್ರ ಹೇಳ್ತೀನಿ” ಅಂದ.

ಹೋದರೆ ಏನಾಗುತ್ತದೆ ಎಂದು ಅವನು ಹೇಳಬೇಕಾಗಿಲ್ಲ, ನಾನು ಕಂಡಿದ್ದೇನೆ. ಹಿಂದಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದ ಮಧ್ಯಾಹ್ನ ನಾನು ವಾರ್ಡಿನಲ್ಲೇ ಇದ್ದೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ವಾರ್ಮರ್‌ಗಳು ಒಂದೇ ಸಲ ಆರಿದವು. ಜನರೇಟರ್ ಇತ್ತಲ್ಲ ಎನ್ನುತ್ತೀರಿ. ಇತ್ತು. ಕೆಮ್ಮಿತು, ಹೊಗೆ ಬಿಟ್ಟಿತು, ಸುಮ್ಮನಾಯಿತು. ತಾಯಂದಿರನ್ನು ಸಾಲಾಗಿ ಮಲಗಿಸಿ, ಅವರವರ ಮಗುವನ್ನು ಅವರವರ ಎದೆಗೆ ಅವುಚಿ, ಮೇಲೆ ಕಂಬಳಿ ಹೊದಿಸುತ್ತಾ ಬಂದೆವು. ಒಂದು ಮಗುವಿನ ತಾಯಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಅದರ ಅಜ್ಜ ಅಂಗಿ ಬಿಚ್ಚಿ ಕೂತು, “ನನ್ನ ಮೈ ಬಿಸಿ ಇದೆ, ಇಲ್ಲಿ ಕೊಡಿ ಸಿಸ್ಟರ್” ಅಂದರು. ಮಗುವಿನ ಪಾದ ನೀಲಿಗಟ್ಟಿತ್ತು. ಅಜ್ಜ ಎದೆಗೊತ್ತಿಕೊಂಡು ಕಣ್ಣು ಮುಚ್ಚಿದರು. ನಾನು ಆ ಪಾದಗಳನ್ನು ಉಜ್ಜುತ್ತಲೇ ಇದ್ದೆ, ಉಜ್ಜುತ್ತಲೇ ಇದ್ದೆ. ಮಗು ಉಳಿಯಿತು. ಆದರೆ ಅವತ್ತು ನನಗೆ ಹುಟ್ಟಿದ ಭಯ ಇನ್ನೂ ಹೋಗಿಲ್ಲ. ಆ ಜಾಗಕ್ಕೇ ಈಗ ನೀವು ಈ ‘ಪಾಸಾದ’ ಟ್ರಾನ್ಸ್‌ಫಾರ್ಮರನ್ನು ತಂದಿದ್ದೀರಿ.

ಈಗ ನಿಮ್ಮ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಒಮ್ಮೆ ಓದಿ. ನಮ್ಮ ಆಸ್ಪತ್ರೆಗೆ ಕೊಟ್ಟಿರುವ ಪ್ರಮಾಣಪತ್ರದ ಪ್ರಕಾರ ಟ್ರಾನ್ಸ್‌ಫಾರ್ಮರ್‌ನಲ್ಲಿ ದೋಷವಿಲ್ಲ. ನನ್ನ ತಮ್ಮನಿಗೆ ಕೊಟ್ಟಿರುವ ನೋಟಿಸಿನ ಪ್ರಕಾರ ಅದೇ ಟ್ರಾನ್ಸ್‌ಫಾರ್ಮರನ್ನು ಅವನು ಹಾಳು ಮಾಡಿದ್ದಾನೆ. ಎರಡಕ್ಕೂ ನಿಮ್ಮದೇ ಸಹಿ. ದೋಷವೇ ಇಲ್ಲದಿದ್ದರೆ ಅವನು ಹಾಳು ಮಾಡಿದ್ದಾದರೂ ಏನನ್ನು? ಹಾಳು ಮಾಡಿದ್ದೇ ನಿಜವಾದರೆ ನಮ್ಮ ವಾರ್ಡಿನ ಗೋಡೆಯಾಚೆ ನಿಂತಿರುವುದು ಏನು? ಎರಡು ಕಾಗದಗಳಲ್ಲಿ ಒಂದನ್ನು ನೀವು ಹರಿಯಲೇಬೇಕು.

ಯಾವುದನ್ನು ಎಂದು ತೀರ್ಮಾನಿಸಲು ನಿಮಗೆ ಮುಜುಗರವಾಗುವುದಾದರೆ, ಅಕ್ಕ ತಮ್ಮ ಕೂತು ಅದನ್ನೂ ಮಾಡಿ ಮುಗಿಸಿದ್ದೇವೆ. ಪ್ರಮಾಣಪತ್ರವನ್ನು ಹರಿಯಿರಿ, ಅವನೇ ಹಾಳು ಮಾಡಿದ ಎಂದು ಬರೆದುಕೊಳ್ಳಿ. ಈ ಮಾತು ಎತ್ತಿದಾಗ ಅವನು ತಟ್ಟೆ ಸರಿಸಿ ಎದ್ದು ಹೋದ. ಕೈ ತೊಳೆದುಕೊಂಡು ಬಾಗಿಲಲ್ಲಿ ನಿಂತು, “ಬರೆದು ಕೊಡ್ತೀನಿ. ಅದನ್ನ ಅಲ್ಲಿಂದ ತೆಗೆದ್ರೆ ಸಾಕು” ಅಂದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಮಾಡದ ತಪ್ಪಿಗೆ ಅವನ ಸಹಿ ಸಿಗುತ್ತದೆ, ಅದಕ್ಕೆ ನನ್ನದೇ ಸಾಕ್ಷಿ. ಬದಲಿಗೆ, ಅದು ಕೆಟ್ಟಿದೆ ಎಂದು ಒಪ್ಪಿಕೊಂಡು ಸೋಮವಾರದೊಳಗೆ ಲಾರಿ ಕಳಿಸಿ ಅದನ್ನು ಒಯ್ಯಿರಿ. ಪೂರ್ತಿ ಏಟು ತಿಂದು ಗೆದ್ದದ್ದನ್ನು ತಂದು ನಿಲ್ಲಿಸಿ. ಅಲ್ಲಿಯವರೆಗೆ ಪಕ್ಕದ ಬೀದಿಯಿಂದ ಎಳೆದಿರುವ ತಾತ್ಕಾಲಿಕ ಲೈನಿನಲ್ಲೇ ಹೇಗೋ ದಿನ ದೂಡುತ್ತೇವೆ. ವಿಚಾರಣೆ, ಶಿಕ್ಷೆ ಎಲ್ಲ ಆಮೇಲೆ ನಿಧಾನವಾಗಿ ಆಗಲಿ. ನಿಮ್ಮ ಅಪರಾಧಿ ಮನೆಯಲ್ಲೇ ಇದ್ದಾನೆ, ಎಲ್ಲಿಗೂ ಓಡಿಹೋಗುವುದಿಲ್ಲ. ನಮ್ಮ ವಾರ್ಡಿನ ಮಕ್ಕಳೂ ಅಷ್ಟೇ, ಅವಕ್ಕೂ ಎಲ್ಲಿಗೂ ಓಡಿಹೋಗಲು ಬರುವುದಿಲ್ಲ.

ಇಂತಿ,
ಮಾಡದ ತಪ್ಪನ್ನು ಒಪ್ಪಿಕೊಳ್ಳೆಂದು ತಮ್ಮನನ್ನು ಬೇಡಿಕೊಂಡ ಅಕ್ಕ