ಹೊಟ್ಟೆಯಿಲ್ಲದ ಬಾಸ್

ಸೋಲೊ,
೧೪ ಜುಲೈ ೨೦೦೩

ಪ್ರೀತಿಯ ದರ್ಮೊಯೊ,

ನಿನ್ನ ಕಸ್ಮುದಿಯ ಸಲಾಮು. ಲಾಂಪುಂಗಿನಲ್ಲಿ ನೀನು, ಮಗ, ಸೊಸೆ, ನಿನ್ನ ಮೀಸೆ ಹಿಡಿದು ಜೋತಾಡುವ ಆ ಮೊಮ್ಮಗಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಬಹಳ ಕಾಲವಾಯಿತು. ನನ್ನ ಶ್ರಿಯಾತುನ್ ತೀರಿಕೊಂಡಾಗ ನೀನು ಬರೆದದ್ದು. ಉತ್ತರ ಬರೆಯಲು ಕೂತಾಗಲೆಲ್ಲ 'ನಾನು ಕ್ಷೇಮ' ಎನ್ನುವಲ್ಲಿಗೆ ಬಂದು ಪೆನ್ನು ನಿಲ್ಲುತ್ತಿತ್ತು. ಬೈಯಬೇಡ. ಫೋನ್ ಮಾಡೋಣವೆಂದರೆ ನಿನ್ನ ಕಿವಿಯ ಕಥೆ ಗೊತ್ತೇ ಇದೆ; ನಾನು ಸಾವಿನ ಸುದ್ದಿ ಹೇಳಿದರೂ ನೀನು ಆ ಕಡೆಯಿಂದ 'ಬಹಳ ಸಂತೋಷ' ಎನ್ನುವವನು.

ಈ ಸಲ ಸಂತೋಷದ ಸುದ್ದಿಯೇ ಇದೆ. ನಮ್ಮ 'ತಿರ್ತಾ ಲಾರಸ್' ಸಂಗೀತ ಮೇಳ ಹೋದ ತಿಂಗಳು ಇನ್ನೇನು ಮುಳುಗಿಹೋಗುವುದರಲ್ಲಿತ್ತು. ಜಗಳವಾಡಿದ್ದರೆ ಹೇಗೋ ಸರಿಹೋಗುತ್ತಿತ್ತು. ನಾವು ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟು ಮುಳುಗುತ್ತಿದ್ದೆವು.

ನಮ್ಮ ದೊಡ್ಡ ಬಾಸ್, ಆ ಪಿಟೀಲುಗಳ ಅಜ್ಜ, ನೀನು ಬಿಟ್ಟುಹೋದಾಗ ಹೇಗಿತ್ತೋ ಹಾಗೇ ಇದೆ. ನನಗಿಂತ ಒಂದು ತಲೆ ಎತ್ತರ, ಸೊಂಟ ಬಳಸಿದರೆ ಕೈಗೆ ಕೈ ತಾಗದಷ್ಟು ದಪ್ಪ. ಮೇಳದ ಸೊತ್ತಾದರೂ ಅದರ ವಾಸ ನನ್ನ ಮನೆಯ ಮೂಲೆಯಲ್ಲೇ. ಊರೊಳಗೆ ಎಲ್ಲಿ ಕಾರ್ಯಕ್ರಮವಿದ್ದರೂ ಅದು ಸೈಕಲ್ ರಿಕ್ಷಾದ ಸೀಟಿನ ಮೇಲೆ ಠೀವಿಯಿಂದ ಹೋಗುತ್ತದೆ, ನಾನು ಹಿಂದೆ ಸೈಕಲ್ಲು ತುಳಿಯುತ್ತೇನೆ. ಬೀದಿಯವರು ಈಗಲೂ ಬಿಡುವುದಿಲ್ಲ. "ಮಾಸ್ ಕಸ್ಮುದಿ, ಅಣ್ಣಾ, ಮದುಮಗಳು ಇನ್ನೂ ದಪ್ಪ ಆಗವ್ಳೆ, ಊಟ ಕಮ್ಮಿ ಹಾಕಿ!" ಎನ್ನುತ್ತಾರೆ.

ಈ ವರ್ಷ ನನ್ನ ಎಡಹೆಗಲು ಕೈಕೊಟ್ಟಿತು. ಬಾಸ್ ಎತ್ತಿ ಇಳಿಸುವಾಗ ಹಲ್ಲು ಕಚ್ಚುತ್ತಿದ್ದೆ. ಯಾರಿಗೂ ಕಾಣುವುದಿಲ್ಲವೆಂದು ನನ್ನ ಎಣಿಕೆ, ಎಲ್ಲರಿಗೂ ಕಂಡಿತ್ತು. ಒಂದು ಸಂಜೆ ಪಿಟೀಲಿನ ಗಿಯಾಂತೊ ಮೇಳದವರನ್ನೆಲ್ಲ ಮನೆಗೆ ಕರೆದ. ಸಿಹಿ ಚಹಾ ಬಂತು, ಕರಿದ ತೆಂಪೆ ಬಂತು, ಬೇಯಿಸಿದ ಶೇಂಗಾ ಬಂತು. ಇಷ್ಟೆಲ್ಲ ಬಂದರೆ ಏನೋ ಗಂಭೀರ ವಿಷಯವಿದೆಯೆಂದೇ ಅರ್ಥ. ಅವನು ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಗಂಟಲು ಸರಿಮಾಡಿಕೊಂಡ.

"ಮಾಸ್, ಕೊ ಸ್ವಿಯ ವಾದ್ಯದಂಗಡೀಲಿ ಕರೆಂಟಿನ ಬಾಸ್ ಬಂದಿದೆ. ಇದರ ಹಾಗೇ ನಿಂತ್ಕೊಂಡು ಮೀಟೋದು. ಹೊಟ್ಟೆ ಒಂದಿಲ್ಲ, ಬರೀ ಕತ್ತು. ಒಂದ್ ಕೈಲಿ ಎತ್ತಬಹುದು. ಹಳೇದು ಕೊಟ್ರೆ ಅದಕ್ಕೆ ಇದು, ಮೇಲೇನೂ ಕೇಳಲ್ಲ ಅಂದ. ನಿಮಗೆ ಹೇಗನ್ಸುತ್ತೆ?"

 'ಬೇಡ' ಎನ್ನುವ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಆಗ ತಾರ್ನೊನನ್ನು ನೋಡಿದೆ. ಆ ಬಡಕಲ ತನ್ನ ಪುಟ್ಟ ಉಕುಲೆಲೆ ಗಿಟಾರನ್ನು ಬೆನ್ನಿಗೆ ಕಟ್ಟಿಕೊಂಡು ಬಾಸಿನ ಬುಡ ಹಿಡಿದು ಎತ್ತುವವನು, ಅವನ ಸೊಂಟವೂ ನೋಯುತ್ತದೆ. ಹಾಡುವ ಬು ವಿನಾರ್ಸಿ ಹೊರಗಿನ ಊರಿಗೆ ಹೋಗುವಾಗ ವ್ಯಾನಿನಲ್ಲಿ ಬಾಸಿಗೆ ಜಾಗ ಬಿಟ್ಟು, ಇಸ್ತ್ರಿ ಮಾಡಿದ ರವಿಕೆ ಮುದುಡಿಸಿಕೊಂಡು ಡ್ರೈವರನ ಪಕ್ಕ ಇರುಕಿಕೊಳ್ಳುವವಳು. ಇಷ್ಟು ಜನ ನನ್ನೊಬ್ಬನ ಆಸೆಗೆ ಕಷ್ಟಪಡಬೇಕೇ?

"ನಿಮಗೆಲ್ಲ ಸರಿ ಅನ್ಸಿದ್ರೆ ನನಗೂ ಸರಿ" ಎಂದೆ.

"ಮಾಸ್‌ಗೆ ಸರಿ ಅಂದ್ರೆ ನನಗೂ ಸರಿ" ಎಂದ ತಾರ್ನೊ.

"ನಂದೇನಿದೆ, ಎಲ್ರೂ ಹೇಳಿದ ಹಾಗೆ" ಎಂದಳು ಬು ವಿನಾರ್ಸಿ.

ಹೀಗೆ ಸುತ್ತು ಹಾಕಿ ಒಮ್ಮತವಾಯಿತು. ತಟ್ಟೆಯ ತೆಂಪೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದನ್ನು ನೋಡಿಯಾದರೂ ನಮಗೆ ಬುದ್ಧಿ ಬರಬೇಕಿತ್ತು.

ಅಂಗಡಿಯಲ್ಲಿ ಕೊ ಸ್ವಿ ಹಳೆಯ ಬಾಸಿನ ಬೆನ್ನು ಸವರಿ, "ಖಂಡಿತಾನಾ ಯಜಮಾನ್ರೇ?" ಎಂದು ಕೇಳಿದ. "ಖಂಡಿತ" ಎಂದೆವು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದ. ಸೆಮಾರಾಂಗಿನ ಯಾವುದೋ ದೊಡ್ಡ ಹೋಟೆಲಿನವರು ಇಂಥದ್ದನ್ನೇ ಹುಡುಕುತ್ತಿದ್ದಾರಂತೆ, ಭಾನುವಾರ ಬಂದು ಒಯ್ಯುತ್ತಾರಂತೆ. ನುಡಿಸುವುದಕ್ಕಲ್ಲವಂತೆ. ಹಜಾರದಲ್ಲಿ ಹೂಕುಂಡದ ಪಕ್ಕ ನಿಲ್ಲಿಸುತ್ತಾರಂತೆ. ಅಲ್ಲಿಗೆ ಹೋದರೆ ಮುಗಿಯಿತು, ಮತ್ತೆ ನಮ್ಮ ಕೈಗೆ ಬರುವುದಿಲ್ಲ. ನಾನು ಬಾಸಿನ ಕಡೆ ಬೆನ್ನು ಮಾಡಿ ನಿಂತು, ಗೋಡೆಗೆ ನೇತುಹಾಕಿದ್ದ ಗಿಟಾರುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಕರೆಂಟಿನ ಬಾಸನ್ನು ಬೈಯಲು ನನಗೆ ಮನಸ್ಸಿಲ್ಲ. ಅದರ ಶ್ರುತಿ ಒಮ್ಮೆ ಕೂಡಿಸಿದರೆ ಕದಲುವುದಿಲ್ಲ, ಮಳೆಗಾಲಕ್ಕೆ ಮರ ಉಬ್ಬುವ ರಗಳೆಯಿಲ್ಲ, ಎಷ್ಟು ದೊಡ್ಡ ಜಾತ್ರೆಯಂಥ ಗಲಾಟೆಯಲ್ಲೂ ಕೇಳಿಸುತ್ತದೆ. ಆದರೆ ನಾನು ಇಲ್ಲಿ ಮೀಟಿದರೆ ದನಿ ಅಲ್ಲೆಲ್ಲೋ ಸ್ಪೀಕರಿನ ಡಬ್ಬಿಯೊಳಗಿಂದ, ತಾರ್ನೊನ ಕಾಲಡಿಯಿಂದ ಏಳುತ್ತಿತ್ತು. ನನ್ನ ಎದೆಗೆ ಏನೂ ತಾಗುತ್ತಿರಲಿಲ್ಲ. ಮೊದಲ ದಿನ ಅಭ್ಯಾಸಬಲದಿಂದ ಒರಗಲು ಹೋದೆ. ಒರಗಲು ಅದಕ್ಕೆ ಹೊಟ್ಟೆಯೇ ಇಲ್ಲವಲ್ಲ! ಮುಗ್ಗರಿಸಿ ನೇರ ಗಿಯಾಂತೊನ ಮಡಿಲಿಗೆ ಬಿದ್ದೆ. ಅವನು ನನ್ನನ್ನು ಎತ್ತಿ ನಿಲ್ಲಿಸಿ, "ದನಿ ಏನ್ ಸೊಗಸಾಗಿದೆ ಮಾಸ್" ಎಂದ. ನಾನು "ಭುಜಕ್ಕಂತೂ ಸ್ವರ್ಗ" ಎಂದೆ. ತಾರ್ನೊ "ಮುಂಚೆನೇ ತಗೋಬೇಕಿತ್ತು" ಎಂದ. ಅಭ್ಯಾಸ ಮುಗಿದ ಮೇಲೆ ಎಲ್ಲರೂ ಏನೋ ಕೆಲಸವಿದೆಯೆಂದು ಬೇಗ ಬೇಗ ಮನೆಗೆ ಹೋದೆವು. ನೀನಿದ್ದಾಗ ಎಂದಾದರೂ ಹಾಗಾಗಿತ್ತೇ? ಮಡದಿಯರು ಬಂದು ಎಳೆದುಕೊಂಡು ಹೋಗುವವರೆಗೆ ನಾವು ಏಳುತ್ತಿರಲಿಲ್ಲ.

ಆ ಭಾನುವಾರವೇ ಒಂದು ಮದುವೆಯಲ್ಲಿ ನಮ್ಮ ಕೆರೊಂಚೊಂಗ್ ಸಂಗೀತ ಇತ್ತು. ಹುಡುಗಿ ಇಲ್ಲಿಯವಳು, ಹುಡುಗ ಮೇದಾನಿನ ಬತಾಕ್ ಜನದವನು. ಬತಾಕರ ಬಾಯಿ ನಿನಗೆ ಗೊತ್ತಲ್ಲ, ಹೊಟ್ಟೆಯಲ್ಲಿದ್ದದ್ದು ನೇರ ತುಟಿಗೆ. ನಮ್ಮವರ ಕಡೆಯ ನೆಂಟರು ಕುರ್ಚಿಗಳಲ್ಲಿ ಕೈಕಟ್ಟಿ ಕೂತಿದ್ದರು. ಸೂಪು ಬಂದಾಗ ಸೂಪು, ಅನ್ನ ಬಂದಾಗ ಅನ್ನ, ಐಸ್‌ಕ್ರೀಂ ಮುಗಿದ ಕೂಡಲೇ ಎದ್ದು ಹೋದರು. ಹುಡುಗನ ಸೋದರಮಾವ ಬಿನ್ಸಾರ್ ಮಾತ್ರ, ಕಂಬದಂಥ ಆಳು, ನಾವು ಊಟಕ್ಕೆ ಕೂತಿದ್ದ ಹಿಂಬದಿಯ ಚಪ್ಪರಕ್ಕೇ ಬಂದ.

"ಬಹಳ ಚೆನ್ನಾಗಿ ಹಾಡಿದಿರಿ ಅಕ್ಕ" ಎಂದು ಬು ವಿನಾರ್ಸಿಗೆ ಕೈಮುಗಿದ. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣ, ಆ ದೊಣ್ಣೆ ಏನದು?" ಎಂದ.

"ಬಾಸ್" ಎಂದೆ.

"ಬಾಸಾ? ನಮ್ಮಪ್ಪ ಬಾಸ್ ನುಡಿಸ್ತಿದ್ರು, ನಂಗೊತ್ತು. ಅದು ಬಾಸ್ ಅಲ್ಲ, ಬಾಸಿನ ಎಲುಬು. ನೀವು ಅಷ್ಟ್ ಚೆನ್ನಾಗಿ ಮೀಟ್ತೀರಿ, ಮುಖ ನೋಡಿದ್ರೆ ಹಲ್ಲು ಕೀಳಿಸ್ಕೊಂಡವರ ಹಾಗಿದೆ. ಯಾರಿಗೆ ಇಷ್ಟ ಆಗಿ ತಂದ್ರಿ ಇದನ್ನ?"

ಗಿಯಾಂತೊ ಮೆಲ್ಲಗೆ, "ಮಾಸ್ ಕಸ್ಮುದಿಗೆ" ಎಂದ. ನಾನು ಅದೇ ಗಳಿಗೆಗೆ "ಮೇಳದವರಿಗೆ" ಎಂದೆ.

"ಸರಿ, ಕೈ ಎತ್ತಿ ನೋಡೋಣ" ಎಂದ ಬಿನ್ಸಾರ್, ಶಾಲೆಯ ಮಾಸ್ತರನ ಹಾಗೆ. "ಈ ದೊಣ್ಣೆ ಇಷ್ಟ ಇರೋರು ಯಾರ್ಯಾರು?"

ಒಂದು ಕೈಯೂ ಮೇಲೇಳಲಿಲ್ಲ, ಮೊಯೊ. ತಾರ್ನೊ ಕೋಳಿಕಾಲು ಹಿಡಿದಿದ್ದ ಕೈಯನ್ನು ಇನ್ನೂ ಸ್ವಲ್ಪ ಕೆಳಗಿಳಿಸಿದ. ನಾನು ಗಿಯಾಂತೊನನ್ನು ನೋಡಿದೆ, ಅವನು ಬು ವಿನಾರ್ಸಿಯನ್ನು ನೋಡಿದ. ಅವಳು ಮೊದಲು ಕಿಸಕ್ಕೆಂದಳು. ಆಮೇಲೆ ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲುಗಾಡಿ ನಗತೊಡಗಿದಳು.

"ನಿಮ್ಮ ಹೆಗಲು ನೋಡಿ ನಾನು ಸರಿ ಅಂದೆ ಮಾಸ್! ಆವತ್ತು ರಾತ್ರಿ ಅತ್ತಿದೀನಿ!"

"ನಿನ್ನ ರವಿಕೆ ನೋಡಿ ನಾನು ಸರಿ ಅಂದಿದ್ದು ಮಾರಾಯ್ತಿ!" ಎಂದೆ.

"ಹಂಗಾದ್ರೆ ನನ್ನ ಸೊಂಟಕ್ಕೆ ಯಾರು ಸರಿ ಅಂದಿದ್ದು?" ಎಂದ ತಾರ್ನೊ. ತನ್ನ ಸೊಂಟ ಗಟ್ಟಿಯಾಗೇ ಇದೆ ಎಂದು ಅಲ್ಲೇ ಕುಣಿದು ತೋರಿಸಿದ.

ಗಿಯಾಂತೊ ಮಾತ್ರ ನಗಲಿಲ್ಲ. ಗಡಿಯಾರ ನೋಡಿ, "ಇವತ್ತು ಭಾನುವಾರ" ಎಂದ. ಅನ್ನದ ತಟ್ಟೆಗಳು ಹಾಗೇ ಉಳಿದವು. ಬಿನ್ಸಾರ್ ನಮ್ಮನ್ನೆಲ್ಲ ತನ್ನ ಪಿಕಪ್ಪಿನ ಹಿಂದೆ ಹತ್ತಿಸಿದ. ಮದುವೆಯ ಬಟ್ಟೆ, ತಲೆಗೆ ಬ್ಲಂಕೋನ್ ಪೇಟ, ಮಧ್ಯೆ ಆ ದೊಣ್ಣೆ. ಊರೆಲ್ಲ ನೋಡುತ್ತಿತ್ತು. ಗಿಯಾಂತೊನ ಬ್ಲಂಕೋನ್ ಗಾಳಿಗೆ ಹಾರಿ ಹೋಯಿತು, ನಿಲ್ಲಿಸು ಎನ್ನುವ ಪುರುಸೊತ್ತೂ ಅವನಿಗೆ ಇರಲಿಲ್ಲ.

ಅಂಗಡಿಯ ಮುಂದೆ ಹೋಟೆಲಿನ ವ್ಯಾನು ನಿಂತಿತ್ತು. ಟೈ ಕಟ್ಟಿದ ಮನುಷ್ಯನೊಬ್ಬ ನಮ್ಮ ಬಾಸಿಗೆ ಕಂಬಳಿ ಸುತ್ತಿಸುತ್ತಿದ್ದ. ನಾವು ಒಳಗೆ ನುಗ್ಗಿ, ನುಗ್ಗಿದ ಮೇಲೆ ಹೇಗೆ ಕೇಳುವುದೆಂದು ತಿಳಿಯದೆ ಸಾಲಾಗಿ ನಿಂತೆವು. ಕೊ ಸ್ವಿ ಕುರ್ಚಿ ಹಾಕಿಸಿದ. ನಮ್ಮ ಊರಲ್ಲವೇ, ಕೂತೆವು. ಗಿಯಾಂತೊ ಹವೆಯ ಬಗ್ಗೆ ಎರಡು ಮಾತಾಡಿದ. ನಾನು ಕೊ ಸ್ವಿಯ ಹೆಂಡತಿಯ ಆರೋಗ್ಯ ವಿಚಾರಿಸಿದೆ. ಅತ್ತ ಕಂಬಳಿಗೆ ಹಗ್ಗ ಬಿಗಿಯುತ್ತಿದ್ದರು.

ಬಾಗಿಲಲ್ಲಿ ನಿಂತಿದ್ದ ಬಿನ್ಸಾರ್ ತಲೆ ಚಚ್ಚಿಕೊಂಡು, "ಇವರಿಗೆ ಆ ಬಾಸ್ ವಾಪಸ್ ಬೇಕಂತೆ!" ಎಂದು ಕೂಗಿದ.

ಕೊ ಸ್ವಿ ನಿಧಾನವಾಗಿ ನಮ್ಮ ಕಡೆ ತಿರುಗಿದ. "ನೀವ್ ಹೇಳಿದ್ರೆ ಆಗಲ್ಲ ಸ್ವಾಮಿ. ಈ ಸಾಹೇಬ್ರಿಗೆ ನಾನು ಮಾತು ಕೊಟ್ಟಾಗಿದೆ. ಅದನ್ನ ಮುರೀಬೇಕಾದ್ರೆ ಇವರ ಬಾಯಲ್ಲಿ ಕೇಳ್ಬೇಕು. ಯಾರಿಗೆ ಬೇಕು? 'ನಿಮ್ಮಿಷ್ಟ' ಅನ್ನೋರಿಗೋಸ್ಕರ ನಾನು ಮಾತು ತಪ್ಪಲ್ಲ."

ನಮ್ಮ ಗಿಯಾಂತೊ ನನ್ನನ್ನು ನೋಡಿದ. ನಾನು ತಾರ್ನೊನನ್ನು ನೋಡಿದೆ. ಮತ್ತೆ ಅದೇ ಸುತ್ತು ಶುರುವಾಗುವುದರಲ್ಲಿತ್ತು, ದೇವರಾಣೆ! ಇಬ್ಬರು ಆಳುಗಳು ಬಾಸನ್ನು ಎತ್ತಿದರು. ಕಂಬಳಿಯೊಳಗೆ ತಂತಿ ಎಲ್ಲೋ ಒರಸಿ ಸಣ್ಣಗೆ ಗುಂಯ್ ಎಂದಿತು. ನಾನು ಎದ್ದು ನಿಂತೆ.

"ನನಗೆ ಬೇಕು" ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. "ಕೊ ಸ್ವಿ, ನನಗೆ ಬೇಕು. ಕೊಡಬೇಡಿ. ಭುಜ ಹೋದ್ರೂ ಹೋಗ್ಲಿ, ನನಗೆ ಅದೇ ಬೇಕು."

ಅರವತ್ತು ದಾಟಿದ ಮೇಲೆ ಮೊದಲ ಸಲ ನಾಲ್ಕು ಜನರ ಮುಂದೆ 'ನನಗೆ ಬೇಕು' ಎಂದೆ ಕಣೋ. ಕಿವಿಯೆಲ್ಲ ಬಿಸಿಯಾಯಿತು. ಕೊ ಸ್ವಿ ಮುಖ ಅರಳಿಸಿ, "ಎರಡು ಸಲ ಖಂಡಿತಾನಾ ಅಂತ ಕೇಳಿದ್ನಲ್ಲ ಯಜಮಾನ್ರೇ, ಇದನ್ನ ಆವತ್ತೇ ಹೇಳ್ಬಾರ್ದಿತ್ತಾ? ಮಾರ್ಬೇಡಿ ಅಂತ ನಾನಾಗಿ ಹೇಳೋಕೆ ನನಗೂ ಸಂಕೋಚ" ಎಂದ. ಟೈ ಕಟ್ಟಿದವನು ಒಳ್ಳೆಯವನೇ. ಹಜಾರದಲ್ಲಿ ನಿಲ್ಲಿಸಲು ಹಳೆಯದೇನಾದರೂ ಸಾಕು ಎಂದ. ತಾರ್ನೊ ಗಿಯಾಂತೊನನ್ನು ಮುಂದೆ ತಳ್ಳಿದ. ಕೊನೆಗೆ ಒಂದು ದೊಡ್ಡ ಮರದ ರೇಡಿಯೊ ಒಯ್ದರು.

ದೊಣ್ಣೆಗೂ ಒಳ್ಳೆಯ ಮನೆ ಸಿಕ್ಕಿತು. ಸ್ರಾಗೆನ್ ಕಡೆಯ ಮೇಳವೊಂದರಲ್ಲಿ ಬಾಸ್ ನುಡಿಸುವ ಎಂದಾಹ್ ಎಂಬಾಕೆ ಬಂದು, ಅಂಗಡಿಯಲ್ಲೇ ಅದರ ಮೇಲೆ ಬೆರಳು ಓಡಿಸಿದಳು. ನನ್ನ ಕೈಯಲ್ಲಿ ಮುನಿಸಿಕೊಂಡಿದ್ದ ಅದೇ ವಾದ್ಯ ಅವಳ ಕೈಯಲ್ಲಿ ಕುಣಿಯಿತು. ಬೆನ್ನಿಗೆ ಕಟ್ಟಿಕೊಂಡು ಮೋಟಾರ್ ಸೈಕಲ್ ಹತ್ತಿ ಹೋದಳು. ನೋಡಿ ನಿಜವಾಗಿ ಖುಷಿಯಾಯಿತು.

ನನ್ನ ಹೆಗಲಿಗೂ ದಾರಿಯಾಗಿದೆ. ಬಿನ್ಸಾರ್ ಊರಿಗೆ ಹೊರಡುವ ಮುಂಚೆ ಬಾಸಿನ ಬುಡದ ಕಂಬಿಗೆ ಕಳಚಿ ಹಾಕುವಂಥ ಸಣ್ಣ ಗಾಲಿ ಮಾಡಿಸಿಕೊಟ್ಟ. ಈಗ ಅದನ್ನು ಎತ್ತಬೇಕಾಗಿಲ್ಲ, ಕೈಹಿಡಿದು ನಡೆಸಿಕೊಂಡು ಹೋಗುತ್ತೇನೆ. ಬು ವಿನಾರ್ಸಿ ವ್ಯಾನಿನ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂರುತ್ತಾಳೆ, ತಾರ್ನೊ ಬಾಸಿನ ಜೊತೆ ಹಿಂದೆ ಮಲಗಿಬಿಡುತ್ತಾನೆ. ಮೊನ್ನೆಯ ಅಭ್ಯಾಸ ಮುಗಿಯುವಾಗ ಗಿಯಾಂತೊನ ಹೆಂಡತಿ ಬಂದು ದೀಪ ಆರಿಸಬೇಕಾಯಿತು. ಮೇಳದಲ್ಲಿ ಈಗ ಹೊಸ ನಿಯಮ: ಏನೇ ತೀರ್ಮಾನಿಸುವುದಿದ್ದರೂ ಕಣ್ಣು ಮುಚ್ಚಿಕೊಂಡು ಕೈ ಎತ್ತಬೇಕು.

ನಿನ್ನ ಚೆಲ್ಲೊ ಇನ್ನೂ ಗಿಯಾಂತೊನ ಮನೆಯಲ್ಲೇ ಇದೆ, ನೀನು ಮೀಟಿದಾಗ ಮದ್ದಳೆಯ ಹಾಗೆ ಮಾತಾಡುತ್ತಿದ್ದ ಅದು ಬೇರೆಯವರ ಕೈಯಲ್ಲಿ ಮಾತಾಡುವುದಿಲ್ಲ. ಒಮ್ಮೆ ಬಂದು ಹೋಗು. ಮೊಮ್ಮಗಳಿಗೆ ಮೈತುಂಬ ಆರೋಗ್ಯ ಇರಲಿ, ನಿನ್ನ ಮೀಸೆ ಅವಳ ಕೈಯಿಂದ ಉಳಿಯಲಿ, ನಿನ್ನ ಸೊಸೆಯ ಅಡುಗೆಮನೆಯಲ್ಲಿ ಎಂದೂ ಅನ್ನ ತಣ್ಣಗಾಗದಿರಲಿ.

ನಿನ್ನ,
ಕಸ್ಮುದಿ

ಮರೆತು ಕೆಳಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಮೇಲೆ ಬರೆಯಲು ಆಗಲಿಲ್ಲ. ಆವತ್ತು ಅಂಗಡಿಯಲ್ಲಿ ನಾನು ಎದ್ದು ನಿಂತದ್ದು ನಾದಕ್ಕಾಗಿ ಎಂದು ಎಲ್ಲರೂ ತಿಳಿದಿದ್ದಾರೆ. ನಾನೂ ಹಾಗೇ ಹೇಳಿದ್ದೇನೆ. ಶ್ರಿಯಾತುನ್ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದಳಲ್ಲ, ನಾನು ಬಾಗಿಲಲ್ಲಿ 'ಬಂದೆ' ಎಂದರೆ ತಲೆ ಎತ್ತದೆ 'ಹೂಂ' ಎನ್ನುತ್ತಿದ್ದಳು. ಅವಳು ಹೋದ ಮೇಲೂ ನನ್ನ ಬಾಯಿ ಅಭ್ಯಾಸಕ್ಕೆ 'ಬಂದೆ' ಎಂದುಬಿಡುತ್ತಿತ್ತು. ಎಂದರೆ ಮೂಲೆಯಲ್ಲಿದ್ದ ಬಾಸ್ 'ಹೂಂ' ಎನ್ನುತ್ತಿತ್ತು. ದೆವ್ವವೇನಲ್ಲ ಮಾರಾಯ, ಮಾತಿನ ದನಿ ತಗುಲಿದರೆ ತಂತಿ ತಾನಾಗಿ ಮಿಡಿಯುತ್ತದೆ, ಒಳಗೆ ಟೊಳ್ಳಾದ್ದರಿಂದ ಕೇಳಿಸುತ್ತದೆ. ನನಗೆ ಗೊತ್ತು. ಗೊತ್ತಿದ್ದೇ ದಿನಾ 'ಬಂದೆ' ಎನ್ನುತ್ತಿದ್ದೆ. ಬಾಸ್ ಕೊಟ್ಟು ಬಂದ ಸಂಜೆಯೂ ಎಂದೆ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಜೋರಾಗಿ ಎಂದೆ. ಅವಳನ್ನು ಮಣ್ಣು ಮಾಡಿದ ದಿನ ನಾನು ಅತ್ತಿರಲಿಲ್ಲ, ನಿನಗೆ ಯಾರಾದರೂ ಹೇಳಿರಬಹುದು. ಆ ಸಂಜೆ ಹೊಸಿಲ ಮೇಲೆ ಕೂತು ಅತ್ತೆ. ಬಾಸ್ ತಿರುಗಿ ಬಂದ ದಿನ ಅದನ್ನು ಮೂಲೆಯಲ್ಲಿ ನಿಲ್ಲಿಸಿ, ಎಲ್ಲರನ್ನೂ ಕಳಿಸಿ, ನಾನೂ ಹೊರಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಮೇಲೆ ಬಾಗಿಲು ತೆರೆದು 'ಬಂದೆ' ಎಂದೆ.