ರಾತ್ರಿ ಉಳಿಯುವುದಕ್ಕೆ ಆಕ್ಷೇಪಣೆ

ಮಣಿಪಾಲ
12 ಅಕ್ಟೋಬರ್ 2025

ಪ್ರೀತಿಯ ಮಾಯ್ ಅವರಿಗೆ,

ಸೊಸೆ ಎಂದು ಬರೆಯಲು ಕೋರ್ಟು ಬಿಡುವುದಿಲ್ಲ, ಬರೇ ವನೆಸ್ಸಾ ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ. ರಿಯೋನಾಳ ಮಮ್ಮಾ ಬರೆಯುತ್ತಿದ್ದಾಳೆ ಎಂದುಕೊಳ್ಳಿ. ನೀವು ಕ್ಷೇಮವೆಂದು ನಂಬಿದ್ದೇನೆ. ಮೊಂತಿಯ ತೆನೆ ಹಬ್ಬ ಕಳೆದು ತಿಂಗಳು ದಾಟಿತು, ಅಂದೇ ಬರೆಯಬೇಕಾಗಿತ್ತು. ಪೆನ್ನು ಹಿಡಿದಾಗಲೆಲ್ಲ ಏನೋ ಕೆಲಸ ನೆನಪಾಗುತ್ತಿತ್ತು. ಕೆಲಸ ಇರಲಿಲ್ಲ ಮಾಯ್, ಧೈರ್ಯ ಇರಲಿಲ್ಲ. ಕೊಂಕಣಿ ಬಿಟ್ಟು ಕನ್ನಡ ಯಾಕೆ ಎಂದು ನಗಬೇಡಿ. ಕೊಂಕಣಿಯಲ್ಲಿ ನಿಮ್ಮೊಡನೆ ಬೇಕಾದಷ್ಟು ಜಗಳವಾಡಿದ್ದೇನೆ, ಕ್ಷಮೆ ಕೇಳಿ ಅಭ್ಯಾಸವಿಲ್ಲ.

ಫೋನು ಮಾಡಬಾರದೆಂದು ನಮ್ಮ ವಕೀಲೆ ಸೌಮ್ಯಶ್ರೀ ತಾಕೀತು ಮಾಡಿದ್ದಾರೆ. ಕಾಗದವನ್ನು ರಿಯೋನಾಳ ಚೀಲದಲ್ಲಿ ಹಾಕಬಹುದಿತ್ತು. ಏಳು ವರ್ಷದ ಮಗುವನ್ನು ಎರಡು ಮನೆಗಳ ನಡುವೆ ಅಂಚೆಯವಳಾಗಿ ಮಾಡಿದ್ದು ಸಾಕೆಂದು ಪೋಸ್ಟಿಗೆ ಹಾಕುತ್ತಿದ್ದೇನೆ.

ಅವಳ ಮುಂದಿನ ಹಲ್ಲು ಬಿದ್ದಿದೆ, ಮಾತಿಗೇನೂ ಕಮ್ಮಿ ಆಗಿಲ್ಲ. ಶಾಲೆಯ ಫೀಸನ್ನು ಫೌಸ್ಟಿನ್ ತಪ್ಪದೆ ಕಟ್ಟುತ್ತಿದ್ದಾನೆ. ನಿಮ್ಮ ಮಗನ ಮೇಲೆ ದೂರು ಹೇಳಬೇಕಾದರೆ ನಾನು ಈಗ ಹುಡುಕಬೇಕು.

ಹಬ್ಬದ ಸಂಜೆ ಕಲ್ಯಾಣಪುರದ ನಿಮ್ಮ ಮನೆಯಿಂದ ಬಂದ ರಿಯೋನಾ ಒಂದು ಸ್ಟೀಲ್ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಹೊಸ ಅಕ್ಕಿಯದ್ದು. ಗ್ರ್ಯಾನಿ ನಿನ್ನ ಪಾಲು ತೆಗೆದಿಟ್ಟಿದ್ದರು" ಎಂದಳು. ಹೊಸ ತೆನೆಯ ಅಕ್ಕಿ ಅರೆದು ತೆಂಗಿನ ಹಾಲಿನಲ್ಲಿ ಕಲಸಿದ್ದನ್ನು ಮನೆಯವರಿಗೆ ಮಾತ್ರ ಹಂಚುವುದಲ್ಲವೇ? ನಾನು ನಿಮ್ಮ ಮನೆಯವಳಲ್ಲ ಎಂದು ಜಡ್ಜ್ ಬರೆದುಕೊಟ್ಟು ವರ್ಷವಾಯಿತು. ಅಡಿಗೆಮನೆಯಲ್ಲಿ ನಿಂತೇ ತಿಂದೆ. ನಾಚಿಕೆಯಾಯಿತು ಮಾಯ್.

ಜುಲೈಯಲ್ಲಿ ನಾನು ಮಾಡಿದ್ದು ನಿಮಗೆ ಗೊತ್ತು, ಆದರೂ ನನ್ನ ಕೈಯಿಂದ ಬರೆಯಬೇಕು. ರಿಯೋನಾ ಶನಿವಾರದ ರಾತ್ರಿಗಳನ್ನೂ ಕ್ರಿಸ್ಮಸ್ ರಜೆಯನ್ನೂ ನಿಮ್ಮಲ್ಲಿ ಕಳೆಯಲಿ ಎಂದು ಫೌಸ್ಟಿನ್ ಅರ್ಜಿ ಹಾಕಿದ. ಅವನಿಗೆ ಕಾಪುವಿನ ಹೋಟೆಲಿನಲ್ಲಿ ರಾತ್ರಿ ಪಾಳಿ, ಮಗು ಇರುವುದು ನಿಮ್ಮೊಬ್ಬರ ಜೊತೆ. "ಆಕ್ಷೇಪಣೆ ಹಾಕಬೇಕಾದರೆ ಕಾರಣ ಬೇಕು. ಎಂತಾದರೂ ಉಂಟಾ, ನೆನಪು ಮಾಡಿ" ಎಂದರು ಸೌಮ್ಯಶ್ರೀ.

ನಿಜವಾದ ಕಾರಣ ಹೊಟ್ಟೆಕಿಚ್ಚು. ನಿಮ್ಮಲ್ಲಿಂದ ಬಂದ ಮೇಲೆ ಅವಳಿಗೆ ನನ್ನ ಸಾರು ಸಪ್ಪೆ. ರಾತ್ರಿಯೂ ಉಳಿದರೆ ಒಂದು ದಿನ ವಾಪಸ್ ಬರುವುದಿಲ್ಲ ಎಂದಾಳು ಎಂದು ಹೆದರಿದೆ. ಅದನ್ನು ಕೋರ್ಟಿಗೆ ಬರೆದುಕೊಡಲು ಆಗುತ್ತದೆಯೇ? ನಾಲ್ಕು ವರ್ಷದ ಹಿಂದಿನ ಗ್ಯಾಸಿನ ವಿಷಯ ಹೇಳಿಬಿಟ್ಟೆ. ಆಗ ಫೌಸ್ಟಿನ್ ಕತಾರಿನಲ್ಲಿದ್ದ. ಹಾಲಿನ ಪಾತ್ರೆ ಸೀದು, ಕಿಟಕಿಯ ಪರದೆಗೆ ಬೆಂಕಿ ಹತ್ತಿ, ಪಕ್ಕದ ಕೋಣೆಯಲ್ಲಿ ಮಲಗಿದ್ದ ರಿಯೋನಾ ಕೆಮ್ಮುತ್ತ ಎದ್ದಿದ್ದಳು. "ನನ್ನ ತಲೆಗೆ ಎಂತ ಆಯಿತು? ಹಾಲು ಇಟ್ಟು ಮರೆತೇ ಬಿಟ್ಟೆ. ಫೌಸ್ಟಿನ್‌ಗೆ ಹೇಳಬೇಡ ಆಯ್ತಾ" ಎಂದಿರಿ. ನಾನು ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಆ ಮಾತನ್ನು ನಾನು ತುಂಬಿದ ಕೋರ್ಟಿನಲ್ಲಿ ಮುರಿದೆ. ಜಡ್ಜ್ ನಿಮ್ಮನ್ನೇ ಕೇಳಿದರು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು, ಸಾಕ್ಷಿ ಯಾರೂ ಇರಲಿಲ್ಲ. ನೀವು ಸೆರಗು ಸರಿಮಾಡಿಕೊಂಡು, "ಹೌದು, ಮರೆವು ಉಂಟು. ಮಗುವಿಗೆ ಅಪಾಯ ಆಗಬಾರದು" ಎಂದಿರಿ. ಫೌಸ್ಟಿನ್ ನಿಮ್ಮ ಮುಖ ನೋಡಿದ. ಹೊರಗೆ ಬಂದಾಗ ಸೌಮ್ಯಶ್ರೀ, "ಇನ್ನು ನಮಗೆ ಭಯ ಇಲ್ಲ, ಅಲ್ವಾ" ಎಂದರು. ನಾನು ತಲೆಯಾಡಿಸಿದೆ.

ಆ ಮೇಲೆ ನೀವು ಗ್ಯಾಸ್ ಮುಟ್ಟುವುದಿಲ್ಲವಂತೆ. ಪಕ್ಕದ ಮನೆಯ ಗುಣವತಿ ಬಂದು ಹಚ್ಚಿ, ಅವರೇ ಆರಿಸಿ ಹೋಗುತ್ತಾರೆ ಎಂದು ರಿಯೋನಾ ಹೇಳಿದಳು. ಕಳೆದ ತಿಂಗಳ ಕೊನೆಗೆ ನೀವೂ ಗುಣವತಿಯೂ ನಮ್ಮ ಆಸ್ಪತ್ರೆಗೆ ಬಂದದ್ದನ್ನು ಬಿಲ್ಲಿಂಗ್ ಕೌಂಟರಿನಿಂದ ನಾನು ಕಂಡೆ. ಮರೆವಿನ ಡಾಕ್ಟರರ ಬಾಗಿಲಲ್ಲಿ ಕುಳಿತು ನೀವು ಬೆರಳು ಮಡಚುತ್ತ ತಿಂಗಳುಗಳ ಹೆಸರು ಹೇಳಿಕೊಳ್ಳುತ್ತಿದ್ದಿರಿ, ಪರೀಕ್ಷೆಗೆ ಬಂದ ಮಗುವಿನ ಹಾಗೆ. ನಾನು ಎದ್ದು ಬರಬೇಕಿತ್ತು. ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ಮುಂದಿನ ಟೋಕನ್ ಕರೆದೆ.

ಮುಂದಿನ ತಿಂಗಳು ಮತ್ತೆ ವಿಚಾರಣೆ ಉಂಟು. ನನ್ನ ಆಕ್ಷೇಪಣೆಯನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಸೌಮ್ಯಶ್ರೀಗೆ ಹೇಳಿದ್ದೇನೆ. "ಗೆಲ್ಲುವ ಕೇಸನ್ನು ಯಾರಾದರೂ ಬಿಡುತ್ತಾರಾ ಮಾರಾಯ್ತಿ?" ಎಂದು ಬೈದರು. ಬೈಯಲಿ. ರಿಯೋನಾ ಕ್ರಿಸ್ಮಸ್ಸಿಗೆ ನಿಮ್ಮಲ್ಲೇ ಇರಲಿ. ಮಲಗುವಾಗ ಅವಳಿಗೆ ಬಾಗಿಲು ಸ್ವಲ್ಪ ತೆರೆದಿರಬೇಕು.

ದೇವರು ನಿಮಗೆ ಆರೋಗ್ಯ ಕೊಡಲಿ. ನಿಮ್ಮ ಆಶೀರ್ವಾದ ಕೇಳುವ ಮುಖ ನನಗಿಲ್ಲ. ಮಗುವಿಗೆ ಕೊಡುವಾಗ ನನ್ನ ತಲೆಯನ್ನೂ ನೆನೆಸಿಕೊಂಡರೆ ಸಾಕು.

ನಿಮ್ಮ
ವನೆಸ್ಸಾ

ವಿ.ಸೂ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಆ ಮಧ್ಯಾಹ್ನ ಹಾಲು ಇಟ್ಟದ್ದು ನಾನು, ಮಾಯ್. ನೀವು ಗುಣವತಿಯ ಅಂಗಳದಲ್ಲಿದ್ದಿರಿ. ರಿಯೋನಾಳಿಗೆಂದು ಒಲೆ ಹಚ್ಚಿ, ಫೋನಿನಲ್ಲಿ ಫೌಸ್ಟಿನ್ ಜೊತೆ ಜಗಳವಾಡಲು ಮಹಡಿಗೆ ಹೋದೆ. ದಿನಾ ಹಾಲು ಕಾಯಿಸುವವರು ನೀವಾದ್ದರಿಂದ ಅಂದೂ ನೀವೇ ಇಟ್ಟಿರೆಂದು ನಂಬಿದಿರಿ. ನಾನು ನಂಬಲು ಬಿಟ್ಟೆ. ನಿಮ್ಮ ತಲೆಗೆ ಅಂದು ಏನೂ ಆಗಿರಲಿಲ್ಲ. ಈ ಕಾಗದವನ್ನು ಫೌಸ್ಟಿನ್‌ನ ವಕೀಲರಿಗೆ ಕೊಡಿ, ಕೋರ್ಟಿನಲ್ಲಿ ಓದಲಿ. ಮಗುವನ್ನು ನನ್ನ ಹತ್ತಿರ ಬಿಡಬಹುದೇ ಎಂದು ಕೇಳಿದರೂ ಕೇಳಲಿ. ಅಂದು ಬೆಂಕಿ ಆರಿದ ಮೇಲೆ ನೀವು ನನ್ನ ಎರಡೂ ಕೈ ಹಿಡಿದು ಕ್ಷಮೆ ಕೇಳಿದಿರಿ. ನಾನು ಕ್ಷಮಿಸಿದೆ.